ಲಾಡಸಾಬನ ಹೆಬ್ಬೆರಳಿನ ಉಗುರು

ಲಕ್ಷ್ಮೇಶ್ವರದ ಲಾಡಸಾಬನ ಎಡಗೈ ಹೆಬ್ಬೆರಳನ್ನು ನೋಡಿದರೆ ಸಾಕು, ಬಲ್ಲವರು ಅವನ ಕಸುಬು ಹೇಳಿಬಿಡುತ್ತಿದ್ದರು. ಉಗುರಿನ ತುಂಬ ಬಿಳಿ ಗೀರುಗಳು. ಮೂವತ್ತು ವರ್ಷದಿಂದ ಊರಿನ ಮದುವೆ, ಹಬ್ಬಗಳಿಗೆ ಹೋತ ಹಲಾಲ್ ಮಾಡಿಕೊಡುವವನು ಅವನೇ. ಪ್ರತಿ ಸಲವೂ ಚೂರಿಯ ಅಲಗನ್ನು ಆ ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡುತ್ತಾನೆ. ಎಲ್ಲಾದರೂ ತಡೆದರೆ ಅಲಗು ಮುಕ್ಕಾಗಿದೆ ಎಂದರ್ಥ. ಮುಕ್ಕು ಚೂರಿಯಿಂದ ಮೂಕಪ್ರಾಣಿಗೆ ನೋವು. ಇದು ಅವನ ಅಪ್ಪ ಕಲಿಸಿದ್ದು. ತಮ್ಮ ಮನೆತನ ಬಿಟ್ಟರೆ ಜಗತ್ತಿನಲ್ಲಿ ಯಾರಿಗೂ ಇದು ಗೊತ್ತಿಲ್ಲವೆಂದು ಅವನಿಗೆ ಒಳಗೊಳಗೇ ಜಂಬ.

ಆ ಭಾನುವಾರ ಬೆಳಿಗ್ಗೆ ಕಾಳಿನ ವ್ಯಾಪಾರಿ ಮುರ್ತುಜಾನ ಹಿತ್ತಲಲ್ಲಿ ಐದು ಹೋತಗಳನ್ನು ಕಟ್ಟಿದ್ದರು. ಮಗನ ಮದುವೆಯ ವಲೀಮಾ ಊಟ. ಶಿರಹಟ್ಟಿ, ಮುಂಡರಗಿಯ ಬೀಗರು ಮಧ್ಯಾಹ್ನಕ್ಕೆ ಬಂದಿಳಿಯುವವರಿದ್ದರು. ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಲಾಡಸಾಬ ಸುತ್ತಿದ ಬಟ್ಟೆಯಿಂದ ಚೂರಿ ತೆಗೆಯಬೇಕು, ಅಷ್ಟರಲ್ಲಿ ಮುರ್ತುಜಾ ಅಡ್ಡ ನಿಂತ. ಅವನ ಹಿಂದೆ ಜಮಾತಿನ ನಾಲ್ವರು ಹಿರಿಯರು ಕುರ್ಚಿ ಹಾಕಿಕೊಂಡು ಕೂತಿದ್ದರು. ಆ ಕುರ್ಚಿಗಳನ್ನು ಕಂಡೇ ಇದು ಪಂಚಾಯ್ತಿಯೆಂದು ಲಾಡಸಾಬನಿಗೆ ಗೊತ್ತಾಯಿತು.

"ಚೂರಿ ಆಮ್ಯಾಲ ತಗಿ. ನಿನ್ನ ಮಗಳು ಕೇರಳದಾಗ ಏನ ಓದಾಕತ್ತಾಳ, ಅದನ್ನ ಮೊದಲ ಹೇಳು," ಎಂದ ಮುರ್ತುಜಾ.

ಹೇಳುವುದೇನು ಮಣ್ಣು, ಊರಿಗೆಲ್ಲ ಗೊತ್ತಿತ್ತು. ಶಾಹಿಸ್ತಾ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಯಹೂದಿಗಳ ಧರ್ಮ, ಆಚಾರ, ಊಟ, ಹಬ್ಬಗಳ ಬಗ್ಗೆ ಎಂ.ಎ. ಓದುತ್ತಿದ್ದಳು. ರಜೆಗೆ ಬಂದಾಗ ಸುಮ್ಮನಿರಬಾರದೇ? ಗೆಳತಿಯರ ಹೆಸರನ್ನೆಲ್ಲ ಯಹೂದಿಗಳ ಲಿಪಿಯಲ್ಲಿ ಬರೆದು ತೋರಿಸಿದ್ದಳು. ಊರ ಬಾಯಿಗೆ ಇನ್ನೇನು ಬೇಕು!

"ಟೀವಿಯಾಗ ದಿನಾ ಆ ಯಹೂದಿಗಳ ಲಡಾಯಿ ನೋಡಿ ನಾವು ಕಣ್ಣೀರ ಹಾಕ್ತೀವಿ. ನಿನ್ನ ಮಗಳಿಗೆ ಅವರ ಕಿತಾಬ ಬೇಕಾಗೇತಿ? ಈಗ ಫೋನ್ ಹಚ್ಚು. ಎಲ್ಲಾರೂ ಕೇಳೂಹಂಗ 'ಓದು ಬಿಡು' ಅಂತ ಹೇಳು. ಇಲ್ಲಂದ್ರ ಇನ್ನಮ್ಯಾಲ ಈ ಊರಾಗ ಹೋತ ಕೊಯ್ಯಾವ ಖಲೀಲ."

ಗದಗಿನಿಂದ ಕರೆಸಿದ್ದ ಖಲೀಲ ಬಾಗಿಲ ಬಳಿ ಹೊಳೆಯುವ ಹೊಸ ಚೂರಿ ಹಿಡಿದು ನಿಂತಿದ್ದ.

ಆ ಲಡಾಯಿ ಲಾಡಸಾಬನ ಕಣ್ಣಲ್ಲೂ ನೀರು ತರಿಸಿತ್ತು. ಈ ಗೊಡವೆ ಇವಳಿಗೇಕೆ ಬೇಕಿತ್ತು ಎಂದು ಮಗಳ ಮೇಲೆ ಸಿಟ್ಟೂ ಇತ್ತು. ಆದರೆ ಎದುರಿಗೆ ಕೇಳಿರಲಿಲ್ಲ. ಫೋನ್ ಹಚ್ಚಿ, ಸ್ಪೀಕರ್ ಹಾಕಿ, ನಡೆದದ್ದನ್ನು ಹೇಳಿದ.

"ನಿಮ್ಮ ಕಸಬಿಗೇ ಕುತ್ತು ಬರೂದಾದ್ರ ಬಿಡ್ತೀನಿ, ಅಬ್ಬಾ," ಎಂದಳು ಶಾಹಿಸ್ತಾ. ಅಳು ನುಂಗಿಕೊಂಡ ದನಿ.

ಮುರ್ತುಜಾನ ಮುಖ ಅರಳಿತು. "ಆತು, ಮುಗೀತು. ಇನ್ನ ಕೊಯ್ಯಿ."

ಲಾಡಸಾಬ ಫೋನನ್ನು ಆರಿಸದೆ ಕಟ್ಟೆಯ ಮೇಲಿಟ್ಟು ಚೂರಿ ಎತ್ತಿದ. ರೂಢಿಯಂತೆ ಉಗುರಿನ ಮೇಲೆ ಎಳೆದ. ತಡೆಯಿತು. ಇನ್ನೊಮ್ಮೆ ಎಳೆದ. ಅಲ್ಲೇ ತಡೆಯಿತು.

"ಮುಕ್ಕಾಗೇತ್ರಿ. ಸಾಣಿ ಹಿಡೀಬೇಕು."

"ಕೂದಲೆಳಿಯಷ್ಟ ಮುಕ್ಕ ಯಾರ ನೋಡ್ತಾರಲೇ? ಬೀಗರು ಬರೂ ಹೊತ್ತಾತು!" ಎಂದ ಮುರ್ತುಜಾ.

"ಅಬ್ಬಾ," ಎಂದಿತು ಫೋನು. "ಅವರೂ ಹಂಗ ನೋಡ್ತಾರ."

"ಯಾರವ್ವಾ?"

"ಯಹೂದಿಗಳು. ಕೊಯ್ಯೂ ಮೊದಲ ಚೂರಿನ್ನ ಉಗರಿನ ಮ್ಯಾಲ ಎಳದು ನೋಡ್ತಾರ. ಕೂದಲೆಳಿಯಷ್ಟ ಮುಕ್ಕಿದ್ರೂ ಆ ಚೂರಿಲೆ ಕೊಯ್ಯಂಗಿಲ್ಲ. ಮೊದಲ ವರ್ಷ ಎಲ್ಲಾ ಧರ್ಮದ್ದೂ ಪಾಠ ಇತ್ತು. ಮೇಡಂ ಇದನ್ನ ಹೇಳಿದಾಗ ನಿಮ್ಮ ಹೆಬ್ಬಟ್ಟ ಕಣ್ಣಮುಂದ ಬಂತು. ಕ್ಲಾಸಿನಾಗ ಅತ್ತಬಿಟ್ಟೆ. ಅದಕ್ಕ ಈ ವಿಷಯಾನ ಓದಾಕ ತಗೊಂಡೆ."

ಲಾಡಸಾಬ ತನ್ನ ಹೆಬ್ಬೆರಳನ್ನು ನೋಡಿಕೊಂಡ. ರಕ್ತದ ಕೈ ಎಂದು ಜನ ದೂರ ಇಟ್ಟ ಈ ಕೈಯನ್ನು ಮಗಳು ಅಷ್ಟು ದೂರ ಹೊತ್ತುಕೊಂಡು ಹೋಗಿದ್ದಳು. ನಾಳೆಯ ಭಯ ಹೋಗಿರಲಿಲ್ಲ. ಸಿಟ್ಟು ಮಾತ್ರ ಎಲ್ಲಿ ಹೋಯಿತೋ.

"ಓದು ಬೇಟಿ. ಬಿಡಬ್ಯಾಡ," ಎಂದ. ಚೂರಿಯನ್ನು ಬಟ್ಟೆಯಲ್ಲಿ ಸುತ್ತಿದ. "ಸಾಹುಕಾರ್ರ, ಮುಕ್ಕು ಚೂರಿಲೆ ನಾ ಕೊಯ್ಯಂಗಿಲ್ಲ. ಮಗಳ ಓದೂ ಬಿಡಸಂಗಿಲ್ಲ. ಖಲೀಲಗ ಹೇಳ್ರಿ."

ಫೋನ್ ಕೈಗೆತ್ತಿಕೊಂಡು ಬಾಗಿಲ ಕಡೆ ನಡೆದ.

ಒಲೆಯ ಬಳಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಮುರ್ತುಜಾನ ತಾಯಿ ಅಖ್ತರಿ ಮೊರ ಸರಿಸಿ ಎದ್ದಳು. "ಖಲೀಲ, ನಿನ್ನ ಹೆಬ್ಬಟ್ಟ ತೋರಸಪಾ."

ಅವನು ತೋರಿಸಿದ. ಒಂದು ಗೀರಿಲ್ಲದ ನುಣ್ಣನೆಯ ಉಗುರು.

"ಮುರ್ತುಜಾ, ನಿಮ್ಮಪ್ಪನ ಕಾಲದಿಂದ ಈ ಮನಿಯಾಗ ಉಗರಿಗೆ ಎಳದು ನೋಡಿದ ಚೂರಿನೇ ಆಡೇತಿ. ಇವಾ ಕೊಯ್ದ್ರ ಇವತ್ತ ನಾ ಉಣ್ಣಂಗಿಲ್ಲ."

ಮದುಮಗನ ಅಜ್ಜಿಯೇ ಉಣ್ಣದಿದ್ದರೆ ಬೀಗರು ಕೇಳದೆ ಬಿಟ್ಟಾರೆಯೇ? ಮುರ್ತುಜಾ ಹಿರಿಯರ ಮುಖ ನೋಡಿದ. ಅವರು ನೆಲ ನೋಡಿದರು. ಕೊನೆಗೆ ತಾನೇ ಸಾಣೆಕಲ್ಲು, ಒಂದು ಚೊಂಬು ನೀರು ಹಿಡಿದು ಬಾಗಿಲಿಗೆ ಬಂದ.

"ತಗೋ, ಜಲ್ದಿ ಚೂರಿ ಮಸಿ."

ಲಾಡಸಾಬ ಕಲ್ಲು ಮುಟ್ಟಲಿಲ್ಲ. ಫೋನನ್ನು ಮುಂದೆ ಹಿಡಿದ. "ಇನ್ನೂ ಚಾಲೂ ಐತ್ರಿ. ಮೊದಲ ಆಕಿಗೆ ಹೇಳ್ರಿ."

ಮುರ್ತುಜಾ ಚೊಂಬು ಕೆಳಗಿಟ್ಟು ಫೋನ್ ತೆಗೆದುಕೊಂಡ. ಎರಡು ಸಲ ಕೆಮ್ಮಿದ.

"ಶಾಹಿಸ್ತಾ... ಪರೀಕ್ಷಾ ಯಾವಾಗೈತಿ, ಬೇಟಿ?"

ಲಾಡಸಾಬ ಕೂತು ಸಾಣೆಕಲ್ಲಿನ ಮೇಲೆ ನೀರು ಹಾಕಿದ.