ನಾಲಿಗೆ ಒಪ್ಪಿದ ಹಳದಿ

ತಾಹೇರಾಗೆ ಸಿಟ್ಟು ಬರಲು ಕಾರಣ ಬೇಕಿಲ್ಲ. ನನಗೂ ಅಷ್ಟೇ. ಆಶಾ ಕಾರ್ಯಕರ್ತೆಯಾಗಿ ಚನ್ನಪಟ್ಟಣದ ಆ ಬೀದಿಗೆ ಹನ್ನೊಂದು ವರ್ಷದಿಂದ ಹೋಗುತ್ತಿದ್ದೇನೆ. ಬೇರೆ ಮನೆಗಳಲ್ಲಿ ನಗುನಗುತ್ತಾ ಮಾತಾಡಿ ದವಡೆ ನೋಯಿಸಿಕೊಂಡು, ಕೊನೆಗೆ ಅವಳ ಮನೆಗೆ ಹೋಗುತ್ತಿದ್ದೆ. ಇಬ್ಬರೂ ಸೇರಿ ಊರನ್ನೆಲ್ಲ ಬೈದು ಹಗುರಾಗುತ್ತಿದ್ದೆವು.

ಅವಳದು ಗೊಂಬೆ ಕೆಲಸ. ಮನೆಯ ಹಿಂದಿನ ಶೆಡ್ಡಿನಲ್ಲಿ ಲೇತ್ ಮುಂದೆ ಕೂತು ಮೂವತ್ತು ವರ್ಷದಿಂದ ಮಕ್ಕಳ ಗಿಲಕಿ ಮಾಡುತ್ತಿದ್ದಾಳೆ. ತಿರುಗುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿ ಒತ್ತಿದರೆ, ತಿಕ್ಕಾಟದ ಬಿಸಿಗೆ ಅರಗು ಕರಗಿ ಮರವನ್ನು ಹಿಡಿದುಕೊಳ್ಳುತ್ತದೆ. ಹೊಸ ಬಣ್ಣ ಬಂದ ದಿನ ಮೊದಲ ಗಿಲಕಿ ಅವಳ ಬಾಯಿಗೇ. ಕೂಸಿನ ಹಾಗೆ ಚೀಪಿ, ಬಣ್ಣ ಬಿಡುತ್ತದೆಯೇ ಎಂದು ಬಿಳಿ ಬಟ್ಟೆಗೆ ಒರೆಸಿ ನೋಡುತ್ತಾಳೆ. ಅರಗಿಗೆ ಬೆರೆಸುವ ಗಿಡದ ಬಣ್ಣದ ಪುಡಿಯನ್ನೂ ಬಿಡುವುದಿಲ್ಲ, ಚಿಟಿಕೆ ತೆಗೆದು ನಾಲಿಗೆಗೆ ಇಡುತ್ತಾಳೆ. ಅವಳ ಅಪ್ಪ ಕಲಿಸಿದ್ದು ಅದು. ಅಗ್ಗದ ಕೆಮಿಕಲ್ ಬಣ್ಣ ತಂದ ಏಜೆಂಟ್ ಮುಜೀಬನನ್ನು ಒಮ್ಮೆ ಹೈವೇವರೆಗೂ ಅಟ್ಟಿಸಿಕೊಂಡು ಹೋಗಿದ್ದಳು. ಮುಜೀಬನ ಒಂದು ಚಪ್ಪಲಿ ಬೀದಿಯಲ್ಲೇ ಉಳಿಯಿತು.

ಮೊಮ್ಮಗಳು ಜಾರಾ ಹುಟ್ಟಿದ ಮೇಲೆ ಆ ಸಿಟ್ಟು ಮನೆಯೊಳಗೂ ಬಂತು. ನೆಂಟರು ತಂದ ಪೌಡರು, ಲೋಷನ್ನು, ಎಣ್ಣೆ, ಸೋಪು ಎಲ್ಲವನ್ನೂ ಒಂದೊಂದಾಗಿ ಮೂಸಿ ಆಚೆ ಇಟ್ಟಳು.

"ಮಗೀಗೆ ಮಗೀನ ವಾಸ್ನೆ ಇರ್ಬೇಕು ಸುಚಿತ್ರಾ. ಇದೇನು, ಮದ್ವೆ ಹಾಲ್ ಬಚ್ಚಲ್ ವಾಸ್ನೆ ಬತ್ತೈತೆ."

ನಾನು ಮನಸಾರೆ ಒಪ್ಪಿದೆ. ಸೆಂಟು ಬೇಕೆಂದು ಯಾವ ಕೂಸು ಕೇಳಿತ್ತು? ಡಬ್ಬಿಯ ಮುಂದೆ ನಗುವ ಮಗು, ಹಿಂದೆ ಇರುವೆ ಕಾಲಿನಷ್ಟು ಅಕ್ಷರ. ಅದನ್ನು ಅಷ್ಟು ಸಣ್ಣಗೆ ಅಚ್ಚು ಹಾಕಿಸಿದವರ ಮೇಲೆ ನನಗೆ ಈಗಲೂ ಕೋಪವಿದೆ.

ಆದರೆ ನಾಲ್ಕು ತಿಂಗಳ ಜಾರಾಳ ಮೈ ಒಣಗಿ, ಕುತ್ತಿಗೆಯ ಬಳಿ ಹೊಟ್ಟು ಏಳುತ್ತಿತ್ತು. ಸೊಸೆ ಕೆಹಕಶಾನ್ ಮಕ್ಕಳ ಡಾಕ್ಟರಿಗೆ ತೋರಿಸಿ, ವಾಸನೆಯಿಲ್ಲದ ಒಂದು ಸಾದಾ ಕ್ರೀಮು ಬರೆಸಿಕೊಂಡು ಬಂದಳು.

"ಮೊದ್ಲು ಒಸಿ ಜಾಗಕ್ಕೆ ಹಚ್ಚಿ, ಒಂದಿನ ನೋಡಿ ಅಂದವ್ರೆ ಅತ್ತೆ" ಅಂದಳು.

ತಾಹೇರಾ ಅದನ್ನೂ ಮೂಸಿದಳು. ವಾಸನೆ ಇರಲಿಲ್ಲ. ಅದಕ್ಕೂ ಸಿಟ್ಟು ಬಂತು. "ವಾಸ್ನೇನೇ ಇಲ್ಲ ಅಂದ್ರೆ ಏನ್ ಮುಚ್ಚಿಟ್ಟವ್ರೋ" ಎಂದು ಟ್ಯೂಬನ್ನು ಬೀರುವಿನ ಮೇಲಕ್ಕೆ ಎಸೆದಳು. ಅಷ್ಟಕ್ಕೆ ಸಾಲದೆ, ಅದನ್ನು ಮಾರಿದ ಮೆಡಿಕಲ್ ಸ್ಟೋರಿಗೆ ಹೋಗಿ ಅಂಗಡಿಯವನಾದ ದೀಪುವಿನ ಮುಖದ ನೀರಿಳಿಸಿ ಬಂದಳು.

ನಾನು ಮತ್ತೆ ಹೋದಾಗ ಜಾರಾಳ ಕಿವಿಯ ಹಿಂದೆ ಹಳದಿ ಕಂಡಿತು.

"ನಮ್ಮನೇದೇ ಸ್ನಾನದ್ ಪುಡಿ. ಕಡ್ಲೆಹಿಟ್ಗೆ ಬೆರ್ಸಿ ಚೆನ್ನಾಗಿ ಉಜ್ದೆ" ಅಂದಳು ತಾಹೇರಾ, ಹೆಮ್ಮೆಯಿಂದ.

ಏನು ಬೆರೆಸಿದೆ ಎಂದು ಕೇಳುವುದು ನನ್ನ ಕೆಲಸ. ನಾನು ಆ ಮನೆಗಳಿಗೆ ಹೋಗುವುದೇ ಅದಕ್ಕೆ. ಕೇಳಲಿಲ್ಲ. ಆ ದಿನ ಬೈಯಲು ಬೇರೆ ಯಾರೋ ಸಿಕ್ಕಿದ್ದರು, ಅವಳ ಚಹಾ ಚೆನ್ನಾಗಿತ್ತು.

ಮೂರನೇ ದಿನ ಕೆಹಕಶಾನ್ ಫೋನ್ ಮಾಡಿದಳು. ಹೋಗಿ ನೋಡಿದರೆ ಕೂಸಿನ ಕುತ್ತಿಗೆ, ಕಂಕುಳು, ತೊಡೆಸಂದು ಎಲ್ಲ ಕೆಂಪಾಗಿ ಚರ್ಮ ಕಿತ್ತು ಬಂದಿತ್ತು. ಅತ್ತು ಅತ್ತು ಗಂಟಲು ಕಟ್ಟಿ, ಬಾಯಿ ತೆರೆದರೂ ಸದ್ದು ಹೊರಡುತ್ತಿರಲಿಲ್ಲ. ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ಏನು ಹಚ್ಚಿದಿರಿ ಎಂದು ಡಾಕ್ಟರು ಕೇಳಿದಾಗ ತಾಹೇರಾ ದುಪಟ್ಟಾದ ಗಂಟು ಬಿಚ್ಚಿ ಪೊಟ್ಟಣ ತೋರಿಸಿದಳು. ಶೆಡ್ಡಿನ ಗೊಂಬೆ ಬಣ್ಣದ ಪುಡಿ.

"ಗಿಡದ್ ಬಣ್ಣ ಸಾರ್. ಇದ್ರಲ್ ಮಾಡಿದ್ ಗಿಲ್ಕಿನ ಊರ್ ಮಕ್ಳೆಲ್ಲ ಬಾಯ್ಗೆ ಇಟ್ಕತವೆ. ನಾನು ನಾಲ್ಗೆ ಮೇಲಿಟ್ಟು ನೋಡೇ ಹಚ್ಚಿದ್ದು."

"ನಿಮ್ಮ ನಾಲಿಗೆ ಬೇರೆ, ಈ ಚರ್ಮ ಬೇರೆ ಅಮ್ಮ. ಗಿಡದ್ದೇ ಆದ್ರೂ ತರಿ ಪುಡಿ ಹಾಕಿ ಉಜ್ಜಿದ್ರೆ ತಡೆಯುತ್ತಾ?"

ನನಗೆ ತಡೆಯಲಾಗಲಿಲ್ಲ. "ಅರಗಿನೊಳ್ಗೆ ಸೇರ್ಕಂಡ್ ಬಣ್ಣ ಆಚೆ ಬರಕಿಲ್ಲ, ಅದ್ಕೇ ಗೊಂಬೆ ಚೀಪುದ್ರೂ ಏನಾಗಕಿಲ್ಲ ಅಂತ ನಂಗೆ ಹೇಳ್ಕೊಟ್ಟೋಳು ನೀನೇ ಅಲ್ವೇನೆ? ಬರೀ ಪುಡಿ ತಂದು ಕೂಸಿನ್ ಮೈಗೆ ಉಜ್ಬುಟ್ಯಲ್ಲೇ."

ಹೊರಗೆ ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಬೈದದ್ದು ಅವಳನ್ನು. ಸಿಟ್ಟು ಅರ್ಧಕ್ಕಿಂತ ಹೆಚ್ಚು ನನ್ನ ಮೇಲೇ ಇತ್ತು. ಅವಳು ಪೊಟ್ಟಣ ಮಡಿಸಿ ಮತ್ತೆ ದುಪಟ್ಟಾದ ತುದಿಗೆ ಗಂಟು ಹಾಕಿಕೊಂಡಳು. ತಿರುಗಿ ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಗಾಯ ಮಾಯಲು ಹದಿನೈದು ದಿನ ಹಿಡಿಯಿತು. ಆಮೇಲೆ ಬೀರುವಿನ ಮೇಲಿನ ಟ್ಯೂಬನ್ನು ತಾಹೇರಾಳೇ ಸ್ಟೂಲ್ ಹತ್ತಿ ಇಳಿಸಿದಳು. ದೀಪುವಿನ ಅಂಗಡಿಗೂ ಹೋಗಿ, "ಅವತ್ತು ಅಂದಿದ್ದು ತಪ್ಪಾಯ್ತು ಕಣಪ್ಪ" ಅಂದಳು, ಅದನ್ನೂ ಜಗಳದ ದನಿಯಲ್ಲೇ. ಡಾಕ್ಟರನ್ನು ಇನ್ನೊಮ್ಮೆ ಕೇಳಿ, ಕೆಹಕಶಾನ್ ಮಗುವಿನ ಮುಂಗೈಗೆ ಬೇಳೆಯಷ್ಟು ಕ್ರೀಮು ಹಚ್ಚಿ ಒಂದು ದಿನ ಕಾದಳು. ಏನೂ ಆಗಲಿಲ್ಲ.

ಮುಂದಿನ ಸಲ ನಾನು ಹೋದಾಗ ಜಾರಾ ಅಮ್ಮನ ಮಡಿಲಲ್ಲಿ ಅಜ್ಜಿ ಮಾಡಿದ ಗಿಲಕಿ ಚೀಪುತ್ತಿದ್ದಳು. ತಾಹೇರಾ ಶೆಡ್ಡಿನಿಂದ ಬಂದವಳೇ ಎತ್ತಿಕೊಳ್ಳಲು ಕೈ ಚಾಚಿದಳು. ಕೆಹಕಶಾನ್ ಮಗುವನ್ನು ಕೊಡಲಿಲ್ಲ. ಅತ್ತೆಯ ಉಗುರು ಸಂದಿಯ ಹಳದಿಯನ್ನೇ ನೋಡಿದಳು.

ಏಜೆಂಟನನ್ನು ಹೈವೇವರೆಗೆ ಅಟ್ಟಿದ್ದ ಹೆಂಗಸು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡು ನಲ್ಲಿಯ ಹತ್ತಿರ ಹೋದಳು. ಸೋಪು ಹಾಕಿ ಉಜ್ಜಿದಳು, ತೊಳೆದಳು, ಬೆಳಕಿಗೆ ಹಿಡಿದು ನೋಡಿ ಮತ್ತೆ ಉಜ್ಜಿದಳು. ಮೂವತ್ತು ವರ್ಷದ ಬಣ್ಣ ಅದು. ಸಾಕು ಬನ್ನಿ ಎಂದು ಕೆಹಕಶಾನ್ ಕರೆಯಲಿಲ್ಲ. ನಾನೂ ಕರೆಯಲಿಲ್ಲ.