ಮೂರನೆಯವರ ಪಾಸ್‌ಪೋರ್ಟ್

ಹನಿಮೂನಿಗೆ ಎಷ್ಟು ಜನ ಹೋಗುತ್ತಾರೆ ಎಂದು ಯಾರನ್ನಾದರೂ ಕೇಳಿ ನೋಡಿ, ನಿಮ್ಮ ತಲೆ ನೆಟ್ಟಗಿದೆಯೇ ಎಂಬಂತೆ ನೋಡುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಈ ಪ್ರಶ್ನೆ ಇತ್ಯರ್ಥವಾಗಲು ಒಂದು ಬೇಸಿಗೆ ಪೂರ್ತಿ ಹಿಡಿಯಿತು. ಆ ಬೇಸಿಗೆಯಲ್ಲಿ ನಾನು ಬೇಕಾದಷ್ಟು ಬೆವೆತೆ, ಒಂದು ಸಲ ಅತ್ತುಬಿಟ್ಟೆ, ವಿಜ್ಞಾನದ ಟೀಚರ್ ಎಂದು ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಹೆದರಿದೆ.

ನಾನು ಹೊಂಗನೂರಿನವಳು, ಚನ್ನಪಟ್ಟಣದ ಒಂದು ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ತಂಗಿಯರ ಮದುವೆ, ತಮ್ಮನ ಓದು ಎಂದು ನನ್ನ ಮದುವೆ ಮುಂದಕ್ಕೆ ಹೋಗುತ್ತಾ ಹೋಗುತ್ತಾ, ಕೊನೆಗೂ ಅದು ನಡೆದಾಗ ನನ್ನ ಹಳೆಯ ವಿದ್ಯಾರ್ಥಿನಿಯರು ತಮ್ಮ ಮಕ್ಕಳನ್ನು ಸೊಂಟದಲ್ಲಿ ಎತ್ತಿಕೊಂಡು ಬಂದು ಅಕ್ಷತೆ ಹಾಕಿದರು. ಯಜಮಾನರು ನಿಂಗರಾಜು, ಕೈಲಾಂಚದವರು. ರಾಮನಗರದಲ್ಲಿ ಬೋರ್‌ವೆಲ್ ಮೋಟಾರು ರಿಪೇರಿಯ ಅಂಗಡಿ ಇಟ್ಟಿದ್ದಾರೆ. ಅವರಿಗೆ ಇದು ಎರಡನೆಯ ಮದುವೆ. ಮೊದಲನೆಯಾಕೆ ಭಾಗ್ಯ ಜ್ವರ ಬಂದು ತೀರಿಕೊಂಡು ಕೆಲವು ವರ್ಷಗಳಾಗಿವೆ. ಇದನ್ನು ಹೆಣ್ಣು ನೋಡಲು ಬಂದ ದಿನವೇ ಅವರು ನೇರವಾಗಿ ಹೇಳಿದ್ದರು. ಹೇಳದೆ ಬಿಟ್ಟದ್ದು ಒಂದೇ, ಆಕೆ ಇನ್ನೂ ಮನೆಯಲ್ಲಿಯೇ ಇದ್ದಾಳೆ ಎಂಬುದು.

ಗಾಬರಿಯಾಗಬೇಡಿ, ಬಿಡಿಸಿ ಹೇಳುತ್ತೇನೆ. ನಮ್ಮ ಕಡೆಯ ಕೆಲವು ಮನೆಗಳಲ್ಲಿ ಒಂದು ಪದ್ಧತಿ ಉಂಟು. ಹೆಂಡತಿ ಸತ್ತ ಮೇಲೆ ಗಂಡ ಮತ್ತೆ ಮದುವೆಯಾದರೆ, ಸತ್ತವಳ ಹೆಸರಿನಲ್ಲಿ ಒಂದು ಪುಟ್ಟ ಚಿನ್ನದ ಬಿಲ್ಲೆ ಮಾಡಿಸಿ ಹೊಸಬಳ ತಾಳಿಯ ಪಕ್ಕದಲ್ಲಿ ಕಟ್ಟುತ್ತಾರೆ. ಸವತಿ ಮುನಿಸಿಕೊಳ್ಳಬಾರದಲ್ಲ, ಅದಕ್ಕೆ. ಹೊಸ ಸೀರೆ ತಂದರೆ ಮೊದಲು ಅವಳ ಫೋಟೋದ ಮುಂದೆ ಇಟ್ಟು, ಅವಳು ಉಟ್ಟಳು ಎಂದಾದ ಮೇಲೆ ನಾನು ಉಡಬೇಕು. ಹಬ್ಬದ ದಿನ ಕುಂಕುಮ ಮೊದಲು ಬಿಲ್ಲೆಗೆ, ಆಮೇಲೆ ನನ್ನ ಹಣೆಗೆ. ಒಬ್ಬಟ್ಟು ಮಾಡಿದ ದಿನ ನಮ್ಮಿಬ್ಬರ ಎಲೆಗಳ ನಡುವೆ ಇನ್ನೊಂದು ಎಲೆ ಬೀಳುತ್ತದೆ. ನನ್ನ ಅತ್ತೆ ಕೆಂಪಮ್ಮನವರು ಇದನ್ನೆಲ್ಲ ಒಂದು ಸಲವೂ ತಪ್ಪಿಸಿದವರಲ್ಲ. ಆ ನಡುವಿನ ಎಲೆಗೆ ಬಡಿಸಿದ್ದನ್ನು ಊಟವಾದ ಮೇಲೆ ಹಸುವಿಗೆ ಹಾಕುತ್ತಾರೆ. ನಮ್ಮ ಹಸು ಒಳ್ಳೆ ದುಂಡಗಾಗಿದೆ.

ಮೊದಮೊದಲು ನನಗೆ ನಗು ಬರುತ್ತಿತ್ತು. ಆಮೇಲೆ ಒಂದು ಸಂಗತಿ ಗಮನಕ್ಕೆ ಬಂತು. ತಾಳಿ ಮೈಯ ಬಿಸಿಗೆ ಬೆಚ್ಚಗಿರುತ್ತದೆ, ಬಿಲ್ಲೆ ಮಾತ್ರ ತಣ್ಣಗೆ. ಒಂದೇ ಚಿನ್ನ, ಒಂದೇ ದಾರ, ಒಂದೇ ಕತ್ತು. ಲೋಹಗಳು ಶಾಖವನ್ನು ಹೇಗೆ ಸಾಗಿಸುತ್ತವೆ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆಯುವ ನನಗೆ ಇದಕ್ಕೆ ಉತ್ತರ ಹೊಳೆಯಲಿಲ್ಲ. ಇನ್ನೂ ಒಂದು. ಸ್ಕೂಟರಿನಲ್ಲಿ ಹಿಂದೆ ಕೂತಾಗ ನನಗೂ ಯಜಮಾನರಿಗೂ ನಡುವೆ ಒಂದಿಷ್ಟು ಜಾಗ ಬಿಟ್ಟು ಕೂರುವುದು ಅಭ್ಯಾಸವಾಗಿಬಿಟ್ಟಿತ್ತು. ಹಾಗೆ ಬಿಡು ಎಂದು ಯಾರೂ ಹೇಳಿರಲಿಲ್ಲ. ಒಂದು ದಿನ ಚನ್ನಪಟ್ಟಣದ ಬಸ್ ನಿಲ್ದಾಣದ ಎದುರು ನನ್ನ ಗೆಳತಿಯೊಬ್ಬಳು ನೋಡಿ, ‘ಏನೇ, ಮಧ್ಯದಲ್ಲಿ ಮಗು ಕೂರಿಸೋಕೆ ಈಗ್ಲೇ ಜಾಗ ಮಾಡಿದ್ದೀಯಾ?’ ಎಂದು ರೇಗಿಸಿದಾಗಲೇ ಅದು ನನಗೆ ತಿಳಿದದ್ದು.

ಅವತ್ತು ನಾನು ಮನಸ್ಸಿನಲ್ಲೇ ಒಂದು ಆಸೆಯನ್ನು ಸ್ಪಷ್ಟವಾಗಿ ಹೇಳಿಕೊಂಡೆ. ಒಂದು ವಾರ, ಒಂದೇ ಒಂದು ವಾರ, ನಾನೊಬ್ಬಳೇ ಈ ಮನುಷ್ಯನ ಹೆಂಡತಿಯಾಗಿ ಇರಬೇಕು. ಆಮೇಲೆ ಬೇಕಾದರೆ ಎಲೆ ಹಾಕಲಿ, ಹಸು ತಿನ್ನಲಿ.

ಅಷ್ಟರಲ್ಲಿ ಯಜಮಾನರೇ ಹನಿಮೂನಿಗೆಂದು ಮಾಲ್ಡೀವ್ಸ್ ಸುದ್ದಿ ತಂದರು. ಅವರು ಹುಡುಗನಾಗಿದ್ದಾಗಿನಿಂದ ಬಾವಿಯ ಮುಳುಗುಗಾರ. ಯಾರ ಬಾವಿಗೆ ಬಿಂದಿಗೆ ಬಿದ್ದರೂ, ಪಂಪಿನ ಪೈಪು ಕಳಚಿದರೂ ಇವರಿಗೇ ಕರೆ. ಮೂಗು ಹಿಡಿದು ಇಳಿದರೆ ತಳದ ಕೆಸರು ಮುಟ್ಟಿಯೇ ಮೇಲೆ ಬರುವುದು. ಈಗ ಸುತ್ತಮುತ್ತಲ ಬಾವಿಗಳೆಲ್ಲ ಬತ್ತಿ, ಕೆಲವಕ್ಕೆ ಕಸ ತುಂಬಿ, ಮುಳುಗುವ ವಿದ್ಯೆ ಇದ್ದರೂ ಮುಳುಗಲು ನೀರಿಲ್ಲ. ಹೀಗಿರುವಾಗ ಫೋನಿನಲ್ಲಿ ಯಾರೋ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಹವಳದ ದಿಬ್ಬಗಳ ನಡುವೆ ತೇಲುವ ವಿಡಿಯೋ ನೋಡಿ ಮನುಷ್ಯನಿಗೆ ಹುಚ್ಚು ಹಿಡಿಯಿತು. ‘ಮೇಡಂ, ತಳ ಕಾಣೋ ನೀರು ಕಣ್ರೀ. ನಾನು ಇಷ್ಟು ವರ್ಷ ಮುಳುಗಿದ್ದೆಲ್ಲ ಕಣ್ಣು ಮುಚ್ಕೊಂಡೇ’ ಎಂದರು. ಅವರು ನನ್ನನ್ನು ಮೇಡಂ ಎನ್ನುವುದು ಅರ್ಧ ತಮಾಷೆಗೆ, ಅರ್ಧ ಸಂಕೋಚಕ್ಕೆ. ನನಗೆ ಈಜು ಬಾರದು. ಆದರೂ ತಕ್ಷಣ ಒಪ್ಪಿದೆ. ಸಮುದ್ರದ ತಳದವರೆಗೆ ಯಾವ ಸವತಿ ಬಂದಾಳು?

ಬೆಂಗಳೂರಿನ ಟ್ರಾವೆಲ್ಸ್‌ನವರೊಂದಿಗೆ ಮಾತೆಲ್ಲ ಅವರದೇ. ಒಂದು ಭಾನುವಾರ ಮಧ್ಯಾಹ್ನ ಆ ಆಫೀಸಿನ ಹುಡುಗಿಯ ಫೋನು ಬಂತು. ಯಜಮಾನರ ಕೈಯೆಲ್ಲ ಗ್ರೀಸು. ನಾನೇ ಸ್ಪೀಕರ್ ಒತ್ತಿ ಹಿಡಿದೆ. ‘ಸಾರ್, ಇಬ್ಬರ ಪಾಸ್‌ಪೋರ್ಟ್ ಬಂದಿದೆ. ಮೂರನೆಯವರದು ಇನ್ನೂ ಕಳಿಸಿಲ್ಲ’ ಎಂದಳು ಆಕೆ. ‘ರೂಮಿಗೆ ಎಕ್ಸ್‌ಟ್ರಾ ಬೆಡ್ ಹೇಳಿದ್ದೀನಿ. ಅವರು ಲೇಡೀಸ್ ತಾನೇ?’

ಒಳಗೆ ಅತ್ತೆ ಸೊಪ್ಪು ಬಿಡಿಸುತ್ತಿದ್ದ ಸದ್ದು ನಿಂತಿತು.

‘ಬಾಯ್ತಪ್ಪಿ ಬಂದ್ಬುಡ್ತು’ ಎಂದರು ಯಜಮಾನರು, ಫೋನು ಇಟ್ಟ ಮೇಲೆ. ‘ಎಷ್ಟು ಜನ ಸಾರ್ ಅಂದ್ಲು, ಮೂರು ಅಂದೆ. ಮನೇಲಿ ಎಲ್ಲಾದಕ್ಕೂ ಮೂರು ಮೂರು ಅಂದೂ ಅಂದೂ.’ ಅದು ನಿಜವೇ ಇದ್ದೀತು. ಹಬ್ಬಕ್ಕೆ ಬಾಳೆಲೆ ತರುವಾಗಲೂ, ಜಾತ್ರೆಯಲ್ಲಿ ಬಳೆ ಕೊಳ್ಳುವಾಗಲೂ ಹಾಗೆಯೇ ಎಣಿಸುವ ಮನೆ ಇದು. ಆದರೆ ಬಾಯಿ ತಪ್ಪುವುದು ಮನಸ್ಸಿನಲ್ಲಿ ಇದ್ದದ್ದಕ್ಕೇ ಅಲ್ಲವೇ? ನಾನು ಹಿತ್ತಿಲಿಗೆ ಹೋಗಿ ಹಿಪ್ಪುನೇರಳೆ ಗಿಡಗಳ ಮರೆಯಲ್ಲಿ ಅತ್ತದ್ದು ಅವತ್ತು. ಅಳುವಾಗ ಯಾರೋ ಪಕ್ಕದಲ್ಲಿ ನಿಂತಿದ್ದಾರೆ ಎನ್ನಿಸಿ ಎರಡು ಸಲ ತಿರುಗಿ ನೋಡಿದೆ. ಗಿಡಗಳು ಮಾತ್ರ ಇದ್ದವು.

ಈ ನಡುವೆ ಈಜುಡುಗೆ ಬಂತು. ಆನ್‌ಲೈನಿನಲ್ಲಿ ತರಿಸಿದ್ದು, ಕತ್ತಿನಿಂದ ಮೊಣಕಾಲಿನವರೆಗೆ ಮುಚ್ಚುವ ಕಪ್ಪು ಬಟ್ಟೆ. ಅತ್ತೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಏನೆಂದು ಅರ್ಥವಾಗದಿದ್ದರೂ, ‘ಹೊಸ ಬಟ್ಟೆ ತಾನೆ? ಇಡು’ ಎಂದರು. ಹೀಗಾಗಿ ಒಂದು ಶುಕ್ರವಾರ ಬೆಳಿಗ್ಗೆ ನಮ್ಮ ನಡುಮನೆಯ ಮಣೆಯ ಮೇಲೆ, ಸತ್ತ ಹೆಂಗಸಿನ ಫೋಟೋದ ಮುಂದೆ, ಅರಿಸಿನ ಕುಂಕುಮ ಮಲ್ಲಿಗೆಯ ಜೊತೆಗೆ ಒಂದು ಸ್ವಿಮ್ಮಿಂಗ್ ಡ್ರೆಸ್ಸು ಕೂತಿತ್ತು. ಅದನ್ನು ನೋಡಿ ನಗದವರಿಲ್ಲ. ನಾನೂ ನಗುತ್ತಲೇ ಶಾಲೆಗೆ ಹೋದೆ. ಸಂಜೆ ಬಂದು ಎತ್ತಿಕೊಂಡರೆ ಬಟ್ಟೆ ಒದ್ದೆಯಾಗಿತ್ತು. ಚಿಮುಕಿಸಿದ ನೀರಿನ ಒದ್ದೆಯಲ್ಲ. ಉಟ್ಟು ನೀರಿಗಿಳಿದು ಬಂದವರು ಬಿಚ್ಚಿ ಹಾಕಿದಂತಿದ್ದ ಒದ್ದೆ. ಅತ್ತೆ ತೀರ್ಥ ಹಾಕಿರಬೇಕು, ಚೊಂಬು ಉರುಳಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಅತ್ತೆಯನ್ನು ಕೇಳಲಿಲ್ಲ. ಕೇಳಿದರೆ ಇಲ್ಲ ಎಂದುಬಿಟ್ಟಾರು ಎಂಬ ಭಯ.

ಸಮುದ್ರಕ್ಕೆ ಹೋಗುವ ಮೊದಲು ಕೊಳದಲ್ಲಿ ಅಭ್ಯಾಸ ಮಾಡಿಸುತ್ತಾರೆ. ಬೆಂಗಳೂರಿನ ಒಂದು ಈಜುಕೊಳದಲ್ಲಿ ತರಬೇತಿ ಕೊಡುವ ಹುಡುಗಿ ಮೊದಲು ಹೇಳಿದ ಮಾತೇ ಇದು: ಮೈಮೇಲೆ ಹೊಳೆಯುವ ಒಡವೆ ಒಂದೂ ಇರಬಾರದು, ಅಲ್ಲಿ ಕೆಲವು ಮೀನುಗಳು ಅದನ್ನು ಪುಟ್ಟ ಮೀನೆಂದುಕೊಂಡು ಬಾಯಿ ಹಾಕುತ್ತವೆ. ಹೊರಡುವಾಗ ಅತ್ತೆ ಹೇಳಿದ್ದು ಇದಕ್ಕೆ ಸರಿಯಾಗಿ ತಿರುಗಾಮುರುಗಾ. ‘ಏನಾರ ತಗ್ದಿಡು ಮಗ, ಬಿಲ್ಲೆ ಮಾತ್ರ ತಗೀಬ್ಯಾಡ. ನೀರ್ತಾವ ಒಬ್ಳೇ ಬಿಟ್ರೆ ಅವ್ಳು ಸುಮ್ಕಿರಾಕಿಲ್ಲ.’ ನಾನು ದಾರದಿಂದ ತಾಳಿ ಕಳಚಿಟ್ಟೆ, ಓಲೆ ತೆಗೆದೆ. ಬಿಲ್ಲೆಗೆ ಕೈ ಹೋಯಿತು, ಬೆರಳು ಬಗ್ಗಲಿಲ್ಲ. ಅದನ್ನು ದಾರದ ಸಮೇತ ಬಟ್ಟೆಯೊಳಗೆ ತುರುಕಿಕೊಂಡು ನೀರಿಗಿಳಿದೆ. ಹತ್ತಾರು ವರ್ಷ ಮಕ್ಕಳಿಗೆ ಮೂಢನಂಬಿಕೆ ಬಿಡಿ ಎಂದು ಬೋಧಿಸಿದ ಬಾಯಿಯಲ್ಲಿ ರಬ್ಬರಿನ ನಳಿಕೆ ಕಚ್ಚಿಕೊಂಡಿದ್ದೆ, ಹಾಗಾಗಿ ಏನೂ ಹೇಳುವಂತಿರಲಿಲ್ಲ.

ನೀರಿನೊಳಗೆ ಕೇಳುವುದು ಒಂದೇ ಸದ್ದು, ನಮ್ಮ ಉಸಿರಿನದು. ಎಳೆದುಕೊಂಡರೆ ಸುಯ್ ಎನ್ನುತ್ತದೆ, ಬಿಟ್ಟರೆ ಗುಳುಗುಳು. ಹುಡುಗಿ ನನ್ನನ್ನು ತಳದ ಮೇಲೆ ಮಂಡಿಯೂರಿ ಕೂರಿಸಿ, ಹಾಗೇ ಇರಿ ಎಂದು ಸನ್ನೆ ಮಾಡಿ, ಮೇಲಕ್ಕೆ ಹೋಗಿ ಯಜಮಾನರಿಗೆ ಏನೋ ಹೇಳತೊಡಗಿದಳು. ನಾನು ಒಬ್ಬಳೇ ಕೂತು ಉಸಿರು ಕೇಳುತ್ತಿದ್ದೆ. ಆಗ ಇನ್ನೊಂದು ಉಸಿರು ಕೇಳಿಸಿತು. ನನ್ನ ಎಡಗಿವಿಗೆ ಹತ್ತಿರದಲ್ಲಿ. ಗೋಡೆಗೆ ಬಡಿದು ಹಿಂದೆ ಬರುವ ನನ್ನದೇ ಸದ್ದು ಎಂದುಕೊಂಡೆ. ಪರೀಕ್ಷೆ ಮಾಡಲು ಉಸಿರನ್ನು ತಡೆದು ಹಿಡಿದೆ. ಅದು ನಿಲ್ಲಲಿಲ್ಲ. ನನ್ನದಕ್ಕಿಂತ ಬೇಗ ಬೇಗ, ತುಂಡು ತುಂಡಾಗಿ ಬರುತ್ತಿತ್ತು. ಹೆದರಿದವರ ಉಸಿರು ಹಾಗಿರುತ್ತದೆ. ನಾನು ಹೇಗೆ ಮೇಲೆ ಬಂದೆನೋ ನನಗೇ ತಿಳಿಯದು.

ದಡದಲ್ಲಿ ಕೆಮ್ಮುತ್ತಾ ಕೂತಾಗ ಬಿಲ್ಲೆ ಹೊರಗೆ ಜಾರಿ ಹೊಳೆಯಿತು. ಹುಡುಗಿ ಗದರಿಸಿದಳು. ಯಜಮಾನರೂ ಅದನ್ನು ನೋಡಿದರು. ವಾಪಸು ಬರುವಾಗ ಬಿಡದಿಯಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸಿದೆವು. ಇಡ್ಲಿ ಮುರಿಯುತ್ತಾ ಅವರು ಹೇಳಿದರು, ‘ನೀವು ಕೆಳಗಿದ್ದಷ್ಟು ಹೊತ್ತೂ ನಾನು ಮೇಲೆ ಉಸ್ರು ಬಿಟ್ಟಿಲ್ಲ ಮೇಡಂ. ಒಬ್ಬಳನ್ನ ಕಳಿಸಿಕೊಟ್ಟು ಸಾಕಾಗಿದೆ. ನಂಗೆ ಆ ಮೀನೂ ಬೇಡ, ಹವಳಾನೂ ಬೇಡ. ನೀವು ಇದ್ರೆ ಸಾಕು.’ ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದರು. ನನಗೆ ನಾಚಿಕೆಯೂ ಆಯಿತು, ಹಿಗ್ಗೂ ಆಯಿತು. ಅವತ್ತು ಸ್ಕೂಟರಿನಲ್ಲಿ ಜಾಗ ಬಿಡದೆ ಕೂತು, ಆದರೂ ಹೋಗಿಯೇ ಬರೋಣ ಎಂದೆ.

ಹವಳದ ದಿಬ್ಬ ಎಂದರೆ ಕಲ್ಲೂ ಅಲ್ಲ, ಗಿಡವೂ ಅಲ್ಲ ಎಂಬುದನ್ನು ಮಕ್ಕಳಿಗೆ ಹೇಳುವಾಗ ನನಗೆ ಬಹಳ ಇಷ್ಟ. ಸಾಸಿವೆಯಷ್ಟು ಪುಟ್ಟ ಜೀವಿಗಳು ತಮ್ಮ ಸುತ್ತ ಗೂಡು ಕಟ್ಟಿಕೊಂಡು ಬದುಕಿ ಸಾಯುತ್ತವೆ. ಸತ್ತವರ ಗೂಡಿನ ಮೇಲೆ ಮುಂದಿನವು ಮನೆ ಮಾಡುತ್ತವೆ. ಕಣ್ಣಿಗೆ ಕಾಣುವ ಬಣ್ಣವೆಲ್ಲ ಮೇಲಿನ ಒಂದು ಪದರದ್ದು; ಕೆಳಗಿರುವುದಷ್ಟೂ ಸತ್ತವರು. ಆ ವಾರ ಈ ಪಾಠ ಮಾಡುತ್ತಾ ನಾನು ನಡುವೆ ನಿಂತುಬಿಟ್ಟೆ. ನಮ್ಮ ಅಡುಗೆಮನೆಯ ಒರಳು ಭಾಗ್ಯ ರುಬ್ಬಿದ್ದು, ಹಿತ್ತಿಲಿನ ಕರಿಬೇವು ಅವಳು ನೆಟ್ಟದ್ದು, ಹಸುವಿಗೆ ಹೆಸರಿಟ್ಟವಳೂ ಅವಳೇ. ನಾನು ಮೇಲಿನ ಒಂದು ಪದರ. ಮೀಸೆ ಚಿಗುರುತ್ತಿದ್ದ ಒಬ್ಬ ಮಹಾಶಯ ಹಿಂದಿನ ಬೆಂಚಿನಿಂದ, ‘ಮಿಸ್, ಗಂಟೆ ಹೊಡೀತು’ ಎಂದ.

ಮನೆಗೆ ಬಂದವಳೇ ಅತ್ತೆಯ ಪಕ್ಕ ಜಗುಲಿಯಲ್ಲಿ ಕೂತು, ಇಷ್ಟು ದಿನ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದೆ. ‘ಅತ್ತೆ, ಭಾಗ್ಯಂಗೆ ಈಜು ಬರ್ತಿತ್ತಾ?’

‘ಈಜಾ?’ ಅತ್ತೆ ನಕ್ಕರು. ‘ಬಾವಿ ತಾವ್ಕೇ ಬತ್ತಿರ್ನಿಲ್ಲ ಕಣ್ಮಗ. ತಲೆ ಮ್ಯಾಲೆ ಒಸಿ ಜಾಸ್ತಿ ನೀರು ಹುಯ್ದ್ರೆ ಉಸ್ರು ಕಟ್ತದೆ ಅಂತಿದ್ಲು. ಮದ್ವೆಯಾದ್ ಹೊಸ್ದ್ರಲ್ಲಿ ಗಂಗೆ ಪೂಜೆಗೆ ಕರ್ಕಂಡೋದ್ರೆ ನನ್ ಸೆರಗ್ನ ಬುಡ್ನೇ ಇಲ್ಲ, ಗಡಗಡ ನಡುಗ್ತಿದ್ಲು.’

ನಾನು ಕೊಳದಲ್ಲಿ ಕೇಳಿದ್ದನ್ನು ಹೇಳಿದೆ. ಅತ್ತೆಯ ನಗು ನಿಂತಿತು. ಇಷ್ಟು ತಿಂಗಳು ನಾನು ಅವಳಿಗೆ ಹೆದರಿಕೊಂಡಿದ್ದೆನಲ್ಲ, ಆ ನೀರಿನಲ್ಲಿ ಅವಳು ನನಗಿಂತ ಹೆಚ್ಚು ಹೆದರಿ ನನ್ನ ಕತ್ತಿಗೆ ಜೋತುಬಿದ್ದಿದ್ದಳು ಎನ್ನಿಸಿ ನನಗೆ ಮೊದಲ ಸಲ ಅಯ್ಯೋ ಪಾಪ ಎನ್ನಿಸಿತು. ‘ಅಂಥೋಳನ್ನ ಸಮುದ್ರಕ್ಕೆ ಇಳಿಸೋದು ತಪ್ಪಲ್ವಾ ಅತ್ತೆ? ನಾನು ಬರೋವರೆಗೆ ಅವಳು ಎಲ್ಲಿರಲಿ, ನೀವೇ ಹೇಳಿ’ ಎಂದೆ.

ಅತ್ತೆ ಕೈ ಚಾಚಿದರು. ನಾನೇ ಬಿಚ್ಚಿ ಕೊಟ್ಟೆ. ಅವರ ಅಂಗೈಯಲ್ಲಿ ಅದನ್ನು ಇಡುವಾಗ ಬಿಲ್ಲೆ ಬೆಚ್ಚಗಿತ್ತು ಎಂದರೆ ನೀವು ನಂಬುವುದಿಲ್ಲ, ಬಿಡಿ. ಮಾವ ಹೋದಂದಿನಿಂದ ಏನೂ ಇಲ್ಲದ ತಮ್ಮ ಕತ್ತಿಗೆ ಅತ್ತೆ ಅದನ್ನು ಕಟ್ಟಿಕೊಂಡು ರವಿಕೆಯೊಳಗೆ ಇಳಿಬಿಟ್ಟರು.

‘ಸವ್ತಿ ಮುನಿಸ್ಕತಾಳೆ ಅನ್ನೋದು ಊರೋರ್ ಬಾಯಿಗೆ ಹೇಳಿದ್ದು ಕಣವ್ವ’ ಎಂದರು. ‘ನಿನ್ ಕತ್ನಾಗಿದ್ರೆ ದಿನಾ ಒಂದ್ಸಲ ಕಣ್ಣಿಗ್ ಬೀಳ್ತಾಳಲ್ಲ ಅಂತ ಮಾಡ್ಸುದ್ದು. ನಂಗೆ ಹೆಣ್ಮಕ್ಳಿಲ್ಲ. ಅವ್ಳೇ ನನ್ ಮಗ್ಳು.’ ಸೆರಗಿನಿಂದ ಕಣ್ಣೊರೆಸಿಕೊಂಡು, ‘ನೀವಿಬ್ರೂ ಓಗ್ಬನ್ನಿ. ನಾವಿಬ್ರೂ ಇರ್ತೀವಿ’ ಎಂದರು.

ನನಗೆ ಬೇಕಾಗಿದ್ದದ್ದು ಸಿಕ್ಕಿತು. ಎಕ್ಸ್‌ಟ್ರಾ ಬೆಡ್ ರದ್ದಾಗಿದೆ, ಮುಂದಿನ ವಾರ ನಾವಿಬ್ಬರೇ ಹೊರಡುತ್ತೇವೆ. ಆದರೆ ಆ ಸಂಜೆ ನಾನು ಕಾಫಿ ಲೋಟ ಹಿಡಿದು ಜಗುಲಿಗೆ ಬಂದಾಗ ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡು, ತಲೆ ಒಂದಿಷ್ಟು ಬಾಗಿಸಿ, ಯಾರದೋ ಮಾತನ್ನು ಕೇಳಿಸಿಕೊಳ್ಳುತ್ತಾ ಕೂತಿದ್ದರು. ಕೇಳಿಸಿಕೊಂಡು, ‘ಊಂ ಕಣ್ಮಗ’ ಎಂದು ಮೆಲ್ಲಗೆ ನಕ್ಕರು. ನಾನು ಬಂದದ್ದು ಅವರಿಗೆ ಗೊತ್ತಾಗಲೇ ಇಲ್ಲ. ಸವತಿಯ ಮೇಲೆ ಹೊಟ್ಟೆಕಿಚ್ಚು ಎಂದರೆ ಏನೆಂದು ನನಗೆ ನಿಜವಾಗಿ ತಿಳಿದದ್ದು ಆಗಲೇ. ಅದೂ ಗಂಡನ ವಿಷಯಕ್ಕಲ್ಲ, ಅತ್ತೆಯ ವಿಷಯಕ್ಕೆ.