ಡಾಕ್ಟರ್ ಸಾಹೇಬರಿಗೆ ಕೇಳಿಸದ ಸಪ್ಪಳ

ಮೊನ್ನೆ ಗ್ಯಾರೇಜು ಸ್ವಚ್ಛ ಮಾಡುವಾಗ ಹಳೆಯ ನಟ್ಟು ಬೋಲ್ಟುಗಳ ಡಬ್ಬಿಯಲ್ಲಿ ಬೆರಳುದ್ದದ ಒಂದು ರಬ್ಬರ್ ಪೈಪಿನ ತುಂಡು ಸಿಕ್ಕಿತು. ಒಂದು ಬದಿ ಸೀಳಿತ್ತು. ಮೂಗಿನ ಹತ್ತಿರ ಹಿಡಿದೆ. ಪೆಟ್ರೋಲಿನ ವಾಸನೆ ಹೋಗಿ ಸುಟ್ಟ ರಬ್ಬರಿನ ಘಾಟು ಮಾತ್ರ ಉಳಿದಿತ್ತು. ಆ ಘಾಟಿಗೆ ಡಾಕ್ಟರ್ ಸಾಹೇಬರು ನೆನಪಾದರು...

ಶಹಾಪುರದ ಸುತ್ತ ಕಾಲುವೆ ಅಗೆಯುತ್ತಿದ್ದ ವರ್ಷಗಳವು. ರಸ್ತೆ ತುಂಬ ಟಿಪ್ಪರ್‌ಗಳು, ಅವು ಎಬ್ಬಿಸಿದ ಧೂಳು. ನನ್ನ ಗ್ಯಾರೇಜಿಗೆ ಬರುತ್ತಿದ್ದವೂ ಅವೇ ಟಿಪ್ಪರ್, ಜೀಪು, ಟ್ರ್ಯಾಕ್ಟರ್‌ಗಳು. ಅವುಗಳ ನಡುವೆ ಒಂದೇ ಒಂದು ವಿದೇಶಿ ಕಾರು ಇತ್ತು. ಅದು ಡಾಕ್ಟರ್ ಸಾಹೇಬರದು. ಹೈದರಾಬಾದಿನಲ್ಲಿ ಯಾವುದೋ ನವಾಬರ ಮನೆತನದವರಿಂದ ಕೊಂಡು ತಂದಿದ್ದರು. ಅದಕ್ಕೆ ಕಾರ್ಬೊರೇಟರ್ ಇರಲಿಲ್ಲ. ಪೆಟ್ರೋಲನ್ನು ಸಣ್ಣ ನಾಜಲ್‌ಗಳಿಂದ ಇಂಜಿನ್ನಿಗೆ ಚಿಮ್ಮಿಸುವ, ಆ ಪದ್ಧತಿ ಹೊಸದಾಗಿ ಬಂದ ಕಾಲದ ಗಾಡಿ. ಅದರಲ್ಲೇ ಅವರು ಕೆಂಭಾವಿ, ಶಿರವಾಳ, ಕಾಲುವೆ ಕೂಲಿಗಳ ಕ್ಯಾಂಪು ಎಲ್ಲ ಕಡೆ ರೋಗಿಗಳನ್ನು ನೋಡಲು ಹೋಗುತ್ತಿದ್ದರು. ದೊಡ್ಡ ದನಿಯಲ್ಲಿ ಮಾತಾಡುತ್ತಿದ್ದರು. ರೋಗಿಗಳಿಂದ ಒಂದೇ ಮಾತನ್ನು ಎರಡೆರಡು ಸಲ ಹೇಳಿಸುತ್ತಿದ್ದರು. ಅದು ಅವರ ರೂಢಿ ಎಂದೇ ನಾವೆಲ್ಲ ತಿಳಿದಿದ್ದೆವು.

ಒಂದು ಬೇಸಿಗೆಯಲ್ಲಿ ಆ ಕಾರಿಗೆ ನಡುಕ ಶುರುವಾಯಿತು. ಓಡುವಾಗ ಚೆಂದ ಓಡುತ್ತಿತ್ತು. ನಿಲ್ಲಿಸಿದರೆ ಮಾತ್ರ ಜ್ವರ ಬಂದವರ ಹಾಗೆ ಗಡಗಡ ನಡುಗುತ್ತಿತ್ತು, ಹಿಂದಿನಿಂದ ಕರಿ ಹೊಗೆ ಬಿಡುತ್ತಿತ್ತು, ಕೊನೆಗೆ ಬಂದ್ ಆಗುತ್ತಿತ್ತು. ನಾನು ಪ್ಲಗ್ ಬದಲಿಸಿದೆ. ಪಾಯಿಂಟ್ ಸರಿ ಮಾಡಿದೆ. ನಾಜಲ್‌ಗಳನ್ನು ಬಿಚ್ಚಿ ತೊಳೆದೆ. ನಡುಕ ಹೋಗಲಿಲ್ಲ. ಎಲ್ಲ ಕಿತ್ತೆಸೆದು ಕಾರ್ಬೊರೇಟರ್ ಕೂಡಿಸಿಬಿಡೋಣ ಎಂದರೆ ಸಾಹೇಬರು ಒಪ್ಪಲಿಲ್ಲ.

"ಮೊದಲು ರೋಗ ಏನದ ತಿಳಕೊಳ್ಳೋಣೋ ಮಿಸ್ತ್ರಿ. ಆಮ್ಯಾಲ ಕೊಯ್ಯೋಣು" ಎಂದರು.

ಆ ಗಾಡಿಯಲ್ಲಿ ಇಂಜಿನ್ ಎಷ್ಟು ಗಾಳಿ ಎಳೆಯುತ್ತಿದೆ ಎಂದು ಅಳೆಯುವ ಒಂದು ಡಬ್ಬಿ ಇತ್ತು. ಅದರ ಲೆಕ್ಕದಂತೆ ಪೆಟ್ರೋಲು ಬೀಳುತ್ತಿತ್ತು. ಡಬ್ಬಿಗೆ ಹೋಗುವ ಪೈಪುಗಳಲ್ಲಿ ಎಲ್ಲೋ ಸೀಳಿದ್ದರೆ ಲೆಕ್ಕ ತಪ್ಪಿ ಪೆಟ್ರೋಲು ಹೆಚ್ಚು ಬೀಳುತ್ತದೆ ಎಂದು ನಾವಿಬ್ಬರೂ ಕೂಡಿ ಊಹಿಸಿದೆವು. ಸೀಳು ಕಣ್ಣಿಗೆ ಬೀಳುತ್ತಿರಲಿಲ್ಲ. ಆಗ ಸಾಹೇಬರಿಗೆ ಒಂದು ಯೋಚನೆ ಹೊಳೆಯಿತು. ನಗುತ್ತಾ ತಮ್ಮ ಸ್ಟೆತಾಸ್ಕೋಪ್ ತಂದರು. ಎದೆಗೆ ಇಡುವ ಬಿಲ್ಲೆಯನ್ನು ಬಿಚ್ಚಿ, ಬರೀ ನಳಿಕೆಯನ್ನು ಒಂದೊಂದೇ ಪೈಪಿನ ಮೇಲೆ ಆಡಿಸುತ್ತಾ ಹೋದರು. ಗಾಳಿ ಸೋರುವ ಕಡೆ ಸುಯ್ಯೆಂದು ಕೇಳಬೇಕಿತ್ತು.

"ಎಲ್ಲೂ ಏನೂ ಇಲ್ಲ. ನೀನೂ ಒಮ್ಮೆ ನೋಡು" ಎಂದು ಅದನ್ನು ನನ್ನ ಕಿವಿಗೆ ಹಾಕಿದರು.

ಡಬ್ಬಿಯ ಹತ್ತಿರ ನಳಿಕೆ ಒಯ್ದ ಕೂಡಲೇ ನನಗೆ ಸ್ಪಷ್ಟವಾಗಿ ಕೇಳಿಸಿತು. ಹಾವು ಬುಸುಗುಟ್ಟಿದ ಹಾಗೆ.

"ಇಲ್ಲೇ ಅದ ನೋಡ್ರಿ ಸಾಹೇಬ್ರ!" ಎಂದೆ ಖುಷಿಯಿಂದ.

ಅವರು ಮತ್ತೆ ಕಿವಿಗೆ ಹಾಕಿಕೊಂಡು ಅದೇ ಜಾಗದಲ್ಲಿ ಹಿಡಿದರು. ಬಹಳ ಹೊತ್ತು ಹಿಡಿದರು. ನಗು ನಿಂತಿತು. ಇಂಜಿನ್ ಬಂದ್ ಮಾಡಲು ಹೇಳಿದರು. ಕಿವಿಯ ಮೇಲಿನ ನಾಲ್ಕು ಕೂದಲನ್ನು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಉಜ್ಜಿದರು. ಇನ್ನೊಂದು ಕಿವಿಯ ಹತ್ತಿರವೂ ಹಾಗೆಯೇ ಮಾಡಿದರು.

"ನೀನೂ ಉಜ್ಜಿ ನೋಡು. ಸಪ್ಪಳ ಬರ್ತದ?"

"ಬರ್ತದ್ರಿ. ಚರಚರ ಅಂತದ."

"ಫುಪ್ಫುಸಕ್ಕ ಕಫ ಇಳಿದ್ರ ಎದಿಯೊಳಗ ಹಿಂಗ ಸಪ್ಪಳ ಆಗ್ತದ" ಎಂದರು. ಸ್ಟೆತಾಸ್ಕೋಪ್ ಮಡಚುತ್ತಾ, "ನನಗ ಎದಿ ಬಡಿತ ಕೇಳಸ್ತದ. ಇದು ಕೇಳಸವಲ್ದು..." ಎಂದರು.

ನಾನು ಇಂಜಿನ್ನಿನತ್ತ ಬಾಗಿದೆ. ಪೈಪಿನ ಸೀಳಿದ ತುದಿಯನ್ನು ಕೊಯ್ದು, ಉಳಿದದ್ದನ್ನು ಮತ್ತೆ ಸಿಕ್ಕಿಸಿ ಕ್ಲಿಪ್ ಬಿಗಿದೆ. ಇಂಜಿನ್ ಶುರು ಮಾಡಿದರೆ ನಡುಕವೇ ಇಲ್ಲ. ಸಾಹೇಬರು ಅತ್ತ ನೋಡಲಿಲ್ಲ.

"ಶಿರವಾಳದ ಒಂದು ಕೂಸು ಮುಂಜಾನೆ ಬಂದಿತ್ತು. ಎದಿ ಸ್ವಚ್ಛ ಅದ ಅಂತ ಹೇಳಿ ಕಳಿಸೀನಿ. ಗಾಡಿ ನೀನೇ ಹೊಡಿ, ನಡಿ" ಎಂದರು.

ನಾವು ಹೋದಾಗ ಮಟಮಟ ಮಧ್ಯಾಹ್ನ. ತಂದೆ ಕಾಲುವೆ ಕೆಲಸಕ್ಕೆ ಹೋಗಿದ್ದ. ತಾಯಿ ಪಡಸಾಲೆಯಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಸಾಹೇಬರು ಅಂಗಿ ಎತ್ತಿ ನೋಡಿದರು. ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ನಡುವೆ ಕುಳಿ ಬೀಳುತ್ತಿತ್ತು.

"ಯವ್ವಾ, ಮುಂಜಾನೆ ನಾ ನೋಡಿದ್ದು ತಪ್ಪಾಗ್ಯದ. ನನಗ ಕಿವಿ ಸರಿ ಕೇಳಸೂದಿಲ್ಲ. ಕೂಸಿನ ಎದಿಯೊಳಗಿನ ಸಪ್ಪಳ ನನಗ ಗೊತ್ತಾಗಿಲ್ಲ. ಈಗಿಂದೀಗ ದವಾಖಾನಿಗೆ ಒಯ್ಯಬೇಕು" ಎಂದರು.

ಆಕೆ ಬೈಯುತ್ತಾಳೆ ಎಂದುಕೊಂಡೆ. ಆಕೆ ಅವರ ಮುಖವನ್ನೇ ನೋಡಿ, "ಕೂಸು ಉಳೀತದಲ್ರಿ?" ಎಂದಷ್ಟೇ ಕೇಳಿದಳು.

ಶಹಾಪುರದ ದವಾಖಾನೆಯಲ್ಲಿದ್ದವರು ಹರೆಯದ ಡಾಕ್ಟರು. ಎದೆಗೆ ಸ್ಟೆತಾಸ್ಕೋಪ್ ಇಟ್ಟು ನ್ಯುಮೋನಿಯಾ ಎಂದರು. ಹಿರಿಯರ ಮನಸ್ಸು ನೋಯಬಾರದೆಂದು, "ನೀವು ನೋಡಿದ ಮ್ಯಾಲ ಶುರು ಆಗಿರ್ಬಹುದ್ರಿ ಸರ್" ಎಂದೂ ಸೇರಿಸಿದರು.

"ಇಲ್ಲ. ಮುಂಜಾನೆನೂ ಇತ್ತು. ಇಂಜೆಕ್ಷನ್ ಕೊಡ್ರಿ ಮೊದಲು" ಎಂದರು ಸಾಹೇಬರು.

ಕೂಸು ಉಳಿಯಿತು. ಅದರ ಜ್ವರ ಇಳಿಯುವವರೆಗೂ ಅವರು ವಾರ್ಡಿನ ಬಾಗಿಲು ಬಿಟ್ಟು ಕದಲಲಿಲ್ಲ. ಆಮೇಲೆ ಇತ್ತೀಚೆಗೆ ತಾವು ನೋಡಿದ ರೋಗಿಗಳನ್ನೆಲ್ಲ ನೆನಪು ಮಾಡಿಕೊಂಡು ಒಬ್ಬೊಬ್ಬರ ಮನೆಗೂ ಹೋದರು. ಹಾರ್ನ್ ಸರಿಯಾಗಿ ಕೇಳಿಸದೆಂದು ತಾವು ಸ್ಟೀರಿಂಗ್ ಹಿಡಿಯಲಿಲ್ಲ, ನಾನೇ ಓಡಿಸಿದೆ. ಕೆಂಭಾವಿಯ ಸಂತೆ ಓಣಿ, ಕ್ಯಾಂಪಿನ ತಗಡಿನ ಶೆಡ್ಡು, ಎಲ್ಲ ಕಡೆ ಅದೇ ಮಾತು: ನನಗೆ ಕೇಳಿಸುವುದಿಲ್ಲ, ಬೇರೆಯವರಿಗೆ ತೋರಿಸಿರಿ. ಕೆಲವರು ನಕ್ಕರು. ಕಾಲುವೆ ಕೆಲಸದ ಒಬ್ಬ ಮೇಸ್ತ್ರಿ ಬಾಯಿಗೆ ಬಂದಂತೆ ಬೈದ. ಸಾಹೇಬರು ನಿಂತು ಪೂರ್ತಿ ಬೈಸಿಕೊಂಡರು. ಕಾರಿನಲ್ಲಿ ಬಂದು ಕೂತು, "ಅವ ಅಂದಿದ್ದು ನನಗ ಎಲ್ಲಾ ಕೇಳಿಸ್ತು ನೋಡು" ಎಂದರು. ಅದು ಹಾಸ್ಯವೋ ಏನೋ... ನನಗೆ ನಗು ಬರಲಿಲ್ಲ.

ಅವರು ರೋಗಿಗಳನ್ನು ನೋಡುತ್ತಿದ್ದ ತಮ್ಮ ಶಾಪಿನ ಬಾಗಿಲನ್ನು ಮತ್ತೆ ತೆರೆಯಲಿಲ್ಲ. ದಿನ ಕಳೆದಂತೆ ಕಿವಿ ಪೂರ್ತಿ ಹೋಯಿತು. ಮಾತಾಡುವವರೂ ಕಡಿಮೆಯಾದರು. ಗ್ಯಾರೇಜಿಗೆ ಬಂದು ಬೆಂಚಿನ ಮೇಲೆ ಸುಮ್ಮನೆ ಕೂರುತ್ತಿದ್ದರು. ನಿಂತ ಕಾರಿನ ಇಂಜಿನ್ ನಡುಗದೆ ನಡೆಯುತ್ತಿದೆಯೇ ಎಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡುತ್ತಿದ್ದರು. ಸರಿ ಇದೆ ಎನ್ನಿಸಿದರೆ ತಲೆ ಆಡಿಸುತ್ತಿದ್ದರು. ಕಾಲುವೆಗೆ ನೀರು ಬಂದ ಮೇಲೆ ಒಂದು ಚಳಿಗಾಲದಲ್ಲಿ ತೀರಿಕೊಂಡರು. ನಾನು ಆಗ ಬಿಡಿಭಾಗ ತರಲು ಹೈದರಾಬಾದಿಗೆ ಹೋಗಿದ್ದೆ. ಅವರನ್ನು ಮಣ್ಣು ಮಾಡುವ ಹೊತ್ತಿಗೂ ಬರಲಾಗಲಿಲ್ಲ.

ಅವರ ಶಾಪು ಇದ್ದಲ್ಲಿ ಈಗ ಮೊಬೈಲ್ ಅಂಗಡಿ ಆಗಿದೆ. ರೋಗಿಗಳು ಕೂರುತ್ತಿದ್ದ ಕಟ್ಟೆಯನ್ನು ಒಡೆದು ಗಟಾರು ಮಾಡಿದ್ದಾರೆ. ಆ ಓಣಿಗೆ ಬಂದಾಗ ಈಗಲೂ ನನ್ನ ಕಾಲು ತಾನೇ ಬ್ರೇಕಿನ ಮೇಲೆ ಹೋಗುತ್ತದೆ. ಒಂದು ಗಳಿಗೆ ಆ ಬಾಗಿಲಿನತ್ತ ನೋಡುತ್ತೇನೆ. ಹಿಂದಿನ ಗಾಡಿಯವರು ಹಾರ್ನ್ ಹೊಡೆಯುತ್ತಾರೆ, ಮುಂದೆ ಹೋಗುತ್ತೇನೆ.